ನೆಬ್ರಾಸ್ಕಾದ ಹಗ್ಗ

ಮೇಸ್ತ್ರಿಯ ಎಡಗೈ ಹೆಬ್ಬೆರಳು ನಮ್ಮ ನಿಮ್ಮ ಹೆಬ್ಬೆರಳಿನ ಹಾಗೆ ದುಂಡಗಿರಲಿಲ್ಲ. ತುದಿ ಚಪ್ಪಟೆಯಾಗಿ, ಉಗುರು ಒಂದು ಪಕ್ಕಕ್ಕೆ ವಾಲಿ, ಅದರ ಸುತ್ತ ಎಷ್ಟು ತೊಳೆದರೂ ಹೋಗದ ಒಂದು ಕಪ್ಪು ಗೆರೆ ಇತ್ತು. ಬೆಂಗಳೂರಿನ ಅಚ್ಚುಕೂಟವೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಸೀಸದ ಮೊಳೆ ಜೋಡಿಸಿದ ಬೆರಳು ಅದು. ಬಲಗೈ ಒಂದೊಂದೇ ಅಕ್ಷರದ ಮೊಳೆ ಎತ್ತಿ ಇಡುತ್ತಾ ಹೋದರೆ, ಎಡಗೈ ಹೆಬ್ಬೆರಳು ಸಾಲು ಜಾರದಂತೆ ಒತ್ತಿ ಹಿಡಿದಿರಬೇಕಂತೆ. ಅಚ್ಚುಕೂಟಕ್ಕೆ ಕಂಪ್ಯೂಟರ್ ಬಂತು, ಮೇಸ್ತ್ರಿ ಕೆಲಸ ಕಳೆದುಕೊಂಡು ಕುಂದಾಣಕ್ಕೆ ವಾಪಸ್ಸಾದರು. ಬೆರಳು ಮಾತ್ರ ಒತ್ತುವುದನ್ನು ಬಿಡಲಿಲ್ಲ. ಮಾತಾಡುತ್ತಾ ನಿಂತಾಗ ಗೋಡೆಯನ್ನೋ, ಮೇಜಿನ ಅಂಚನ್ನೋ, ಏನೂ ಸಿಗದಿದ್ದರೆ ತಮ್ಮದೇ ತೋರುಬೆರಳನ್ನೋ ಅದು ಒತ್ತುತ್ತಲೇ ಇರುತ್ತಿತ್ತು.

ನಾನು ಅವರ ಕೈಕೆಳಗೆ ಸೇರಿದಾಗ ನನಗೆ ಇಪ್ಪತ್ತಾರು ವರ್ಷ. ಹೊಸಕೋಟೆಯಲ್ಲಿ ಬಿ.ಎ. ಓದಿದ್ದೆ, ಮದುವೆಯಾಗಿತ್ತು. ಮನೆಯಲ್ಲಿ ಕೂತು ಅತ್ತೆಯ ಜೊತೆ ಜಗಳವಾಡುವುದಕ್ಕಿಂತ ಯಾವುದಾದರೂ ಕೆಲಸ ವಾಸಿ ಎಂದು ಪಿಲ್ಲಗುಂಪೆಯ ಒಂದು ಕಾರ್ಖಾನೆಗೆ ಹೋದೆ. ಹಳೆಯ ಕಾಗದವನ್ನು ನೀರಿನಲ್ಲಿ ಅರೆದು ರಟ್ಟು ಮಾಡುವ ಕಾರ್ಖಾನೆ. ಆ ಹಳೆಯ ಕಾಗದ ಬರುತ್ತಿದ್ದುದು ಅಮೆರಿಕದಿಂದ, ಹಡಗಿನಲ್ಲಿ. ಇದನ್ನು ಹೇಳಿದಾಗ ಅತ್ತೆ ನಂಬಲಿಲ್ಲ. "ನಮ್ಮೂರಾಗೆ ಕಸಕ್ಕೆ ಬರ ಬಂದೈತಾ?" ಎಂದು ಕೇಳಿದರು.

ತಂತಿ ಬಿಗಿದ ಆಳೆತ್ತರದ ಕಾಗದದ ಮೂಟೆಗಳು. ನಾವು ಬೇಲ್ ಎನ್ನುತ್ತಿದ್ದೆವು. ಗೋದಾಮಿನ ತುಂಬ ಅವನ್ನು ಒಂದರ ಮೇಲೊಂದು ಪೇರಿಸಿ ನಡುವೆ ಓಣಿಗಳನ್ನು ಬಿಟ್ಟಿರುತ್ತಿದ್ದರು. ಮಧ್ಯದಲ್ಲಿ ಒಂದು ಉದ್ದನೆಯ ಮೇಜು, ಅದರ ಸುತ್ತ ನಾವು ಒಂಬತ್ತು ಹೆಂಗಸರು. ಮೇಸ್ತ್ರಿ ಬೇಲಿನ ತಂತಿ ಕತ್ತರಿಸಿದರೆ ಅಮೆರಿಕ ಮೇಜಿನ ಮೇಲೆ ಸುರಿಯುತ್ತಿತ್ತು: ಶಾಲೆ ಮಕ್ಕಳ ಹೋಂವರ್ಕು, ಬ್ಯಾಂಕಿನ ಕಾಗದ, ಚರ್ಚಿನ ಕರಪತ್ರ, ಯಾರೋ ತಮ್ಮ ನಾಯಿಗೆ ಬರೆದ ಹುಟ್ಟುಹಬ್ಬದ ಕಾರ್ಡು. ಅದರಲ್ಲಿ ಪ್ಲಾಸ್ಟಿಕ್ಕು, ಪಿನ್ನು, ಗಟ್ಟಿ ರಟ್ಟು ಬೇರೆ ಮಾಡುವುದು ನಮ್ಮ ಕೆಲಸ. ಪುಸ್ತಕ ಬಂದರೆ ರಟ್ಟು ಕಿತ್ತು, ಬೆನ್ನು ಸೀಳಿ ಎಸೆಯಬೇಕು. ಆ ಕೆಲಸವನ್ನು ಮೇಸ್ತ್ರಿ ನಮಗೆ ಬಿಡುತ್ತಿರಲಿಲ್ಲ, ತಾವೇ ಮಾಡುತ್ತಿದ್ದರು. ಜೀವಮಾನವೆಲ್ಲ ಪುಸ್ತಕ ಮಾಡಿದ ಮನುಷ್ಯ ಈಗ ಪುಸ್ತಕ ಸೀಳಬೇಕು. ನಾನು ಒಮ್ಮೆ ಈ ಮಾತು ಎತ್ತಿದಾಗ, "ಜೋಡ್ಸೋದು ಗೊತ್ತಿದ್ದೋನಿಗೆ ಬಿಚ್ಚೋದೂ ಗೊತ್ತಿರ್ಬೇಕು ಕಣಮ್ಮ" ಎಂದು ಹೇಳಿ ಮುಂದಿನ ಪುಸ್ತಕಕ್ಕೆ ಕೈ ಹಾಕಿದರು.

ಅವರು ಕೂತದ್ದನ್ನು ನಾನು ಆ ಗೋದಾಮಿನಲ್ಲಿ ಒಂದು ದಿನವೂ ನೋಡಲಿಲ್ಲ. ಮುದ್ದೆಯನ್ನು ನಿಂತೇ ನುಂಗುತ್ತಿದ್ದರು. ಕುರ್ಚಿ ತಂದಿಟ್ಟರೆ ಅದರ ಬೆನ್ನು ಹಿಡಿದುಕೊಂಡು ನಿಲ್ಲುತ್ತಿದ್ದರು. ನನಗೂ ತಾಳ್ಮೆ ಕಡಿಮೆ, ಆದರೆ ಅವರ ಚಡಪಡಿಕೆಯ ಮುಂದೆ ನಾನು ಕಲ್ಲುಬಂಡೆ. ಅಚ್ಚುಕೂಟದವರಿಗೆ ಅಕ್ಷರವನ್ನು ತಲೆಕೆಳಗಾಗಿ ಓದುವ ಅಭ್ಯಾಸವಿರುತ್ತದಂತೆ. ಹಾಗಾಗಿ ಮೇಜಿನ ಆಚೆ ಬದಿ ನಿಂತೇ ನಮ್ಮ ಕೈಯಲ್ಲಿದ್ದ ಕಾಗದವನ್ನೆಲ್ಲ ಓದಿಬಿಡುತ್ತಿದ್ದರು. ಅವರೆದುರು ಮೊಬೈಲಿನಲ್ಲಿ ಗಂಡನಿಗೆ ಬೈಗುಳ ಟೈಪ್ ಮಾಡುವ ಹಾಗಿರಲಿಲ್ಲ. "ಅಷ್ಟೊಂದು ಬಯ್ಬೇಡ, ಪಾಪ, ಹಾಲು ಮರ್ತಿದ್ದಾನೆ ಅಷ್ಟೇ ತಾನೆ" ಎನ್ನುತ್ತಿದ್ದರು.

ಒಂದು ದಿನ ಅವರ ಕೈ ನಿಂತಿತು. ಅರ್ಧ ರಟ್ಟು ಹೋಗಿದ್ದ, ಯಾವುದೋ ಶಾಲೆಯ ಲೈಬ್ರರಿಯ ಮುದ್ರೆಯಿದ್ದ ದಪ್ಪ ಪುಸ್ತಕ. ನೆಬ್ರಾಸ್ಕಾ ಎಂಬ ರಾಜ್ಯದ ಚರಿತ್ರೆ, ಅಲ್ಲಿನ ಮಕ್ಕಳಿಗಾಗಿ ಬರೆದದ್ದು. ಅಮೆರಿಕದ ನಟ್ಟನಡುವೆ ಇರುವ ಬಯಲು ಸೀಮೆ. ಮೇಸ್ತ್ರಿ ಅದನ್ನು ಸೀಳಲಿಲ್ಲ, ಅಂಗಿಯೊಳಗೆ ಸೇರಿಸಿಕೊಂಡರು. ಅವರ ಇಂಗ್ಲಿಷು ಓದಿ ಕಲಿತದ್ದಲ್ಲ, ಮೊಳೆ ಜೋಡಿಸಿ ಕಲಿತದ್ದು. ಕುಂದಾಣದಿಂದ ಪಿಲ್ಲಗುಂಪೆಗೆ ಎರಡು ಬಸ್ಸು ಬದಲಾಯಿಸಬೇಕಿತ್ತು. ಆ ಎರಡು ಬಸ್ಸಿನಲ್ಲಿ ನಿಂತುಕೊಂಡೇ ನಾಲ್ಕೈದು ಪುಟ ಓದಿ, ಮಧ್ಯಾಹ್ನ ಊಟದ ಹೊತ್ತಿಗೆ ನಮಗೆ ಹೇಳುತ್ತಿದ್ದರು.

ಹೀಗೆ ಒಂದು ವರ್ಷ ನಾವು ಮುದ್ದೆ ಉಪ್ಪೆಸರಿನ ಜೊತೆ ನೆಬ್ರಾಸ್ಕಾ ತಿಂದೆವು. ಅಲ್ಲಿ ಮರವಿಲ್ಲದ ಕಾರಣ, ವಲಸೆ ಬಂದವರು ಹುಲ್ಲುಬೇರು ಸಮೇತ ನೆಲವನ್ನೇ ಇಟ್ಟಿಗೆಯ ಹಾಗೆ ಕೊಯ್ದು ಮನೆ ಕಟ್ಟಿದರು ಎಂದಾಗ, ನಮ್ಮಲ್ಲಿ ಹಿರಿಯಳಾದ ಮುನಿರತ್ನಮ್ಮ, "ಸೂರಿಂದ ಹಾವು ಬೀಳಲ್ವಾ?" ಎಂದು ಕೇಳಿದಳು. "ಬೀಳ್ತಿತ್ತಂತೆ" ಎಂದರು ಮೇಸ್ತ್ರಿ. ಒಂದು ವರ್ಷ ಮಿಡತೆಗಳು ಮೋಡದ ಹಾಗೆ ಬಂದು ಬೆಳೆ ತಿಂದು, ನೆಲದೊಳಗಿನ ಈರುಳ್ಳಿಯನ್ನೂ ಬಿಡದೆ, ಒಣಹಾಕಿದ ಬಟ್ಟೆಯನ್ನೂ ತಿಂದವಂತೆ. ಅಲ್ಲಿನ ಒಬ್ಬ ದೊಡ್ಡ ಮನುಷ್ಯ, ಬಯಲು ನೋಡಿ ನೋಡಿ ಬೇಸತ್ತು, ವರ್ಷಕ್ಕೊಂದು ದಿನ ಎಲ್ಲರೂ ಗಿಡ ನೆಡಬೇಕೆಂದು ಹಬ್ಬವನ್ನೇ ಮಾಡಿಸಿದನಂತೆ. ಇದನ್ನು ಹೇಳಿದ ದಿನ ಮೇಸ್ತ್ರಿಗೆ ಸಮಾಧಾನವೇ ಇರಲಿಲ್ಲ. "ನಮ್ಮ ನಲ್ಲೂರಿನ ಹುಣಸೆ ತೋಪು ನೋಡಿದ್ದೀರಲ್ಲ? ಅದನ್ನ ನೆಟ್ಟೋರು ಯಾರು ಅಂತ ಹೇಳಿ ನೋಡೋಣ. ಗೊತ್ತಿಲ್ಲ. ಅವರು ನೆಟ್ಟೋನ ಹೆಸರು ಉಳಿಸ್ಕೊಂಡ್ರು, ನಾವು ಮರ ಉಳಿಸ್ಕೊಂಡು ಹೆಸರು ಮರೆತ್ವಿ" ಎಂದು ಮೇಜಿನ ಸುತ್ತ ತಿರುಗಿದರು.

"ಇವ್ರು ಬರೋಕೆ ಮುಂಚೆ ಅಲ್ಲಿ ಯಾರಿದ್ರು?" ಎಂದು ನಾನೊಮ್ಮೆ ಕೇಳಿದೆ. ಮೇಸ್ತ್ರಿ ಪುಟ ತಿರುವಿ ಹುಡುಕಿದರು. ಇದ್ದ ಜನರನ್ನು ಅಲ್ಲಿಂದ ಓಡಿಸಿದ್ದಕ್ಕೆ ಆ ಪುಸ್ತಕದಲ್ಲಿ ಇದ್ದದ್ದು ಅರ್ಧ ಪುಟ. "ಮಿಡತೆಗೆ ಮೂರು ಪುಟ ಕೊಟ್ಟವ್ರೆ" ಎಂದು ಅವರು ಸಿಟ್ಟಿನಿಂದ ಪುಸ್ತಕ ಮುಚ್ಚಿದರು. ಎರಡು ದಿನ ಅದನ್ನು ತರಲೇ ಇಲ್ಲ.

ಮೂರನೆಯ ದಿನ ತಂದದ್ದು ಟೀಚರ್ ಕಥೆಯನ್ನು. ನೂರಮೂವತ್ತು ವರ್ಷದ ಕೆಳಗೆ, ಚಳಿಗಾಲದ ಒಂದು ದಿನ, ಬೆಳಿಗ್ಗೆ ಬಿಸಿಲು ಚೆನ್ನಾಗಿದೆಯೆಂದು ಮಕ್ಕಳು ತೆಳು ಬಟ್ಟೆಯಲ್ಲೇ ಶಾಲೆಗೆ ಬಂದಿದ್ದವು. ಮಧ್ಯಾಹ್ನ ಇದ್ದಕ್ಕಿದ್ದಂತೆ ಹಿಮದ ಬಿರುಗಾಳಿ ಎದ್ದಿತು. ಚಾಚಿದ ಕೈ ಕಾಣದಷ್ಟು ಹಿಮ. ಆ ಸೀಮೆಯಲ್ಲಿ ಎಷ್ಟೋ ಜನ ಮನೆಗೂ ಕೊಟ್ಟಿಗೆಗೂ ನಡುವೆ ದಾರಿ ತಪ್ಪಿ ಸತ್ತರು. ಹುಲ್ಲುಮಣ್ಣಿನ ಆ ಶಾಲೆಯ ಸೂರು ಗಾಳಿಗೆ ಹಾರಿಹೋಯಿತು. ಟೀಚರ್ ಇನ್ನೂ ಹುಡುಗಿ. ಮಕ್ಕಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿ, ತಾನು ಮುಂದೆ ನಿಂತು, ದೂರದ ಒಂದು ರೈತನ ಮನೆಗೆ ನಡೆಸಿಕೊಂಡು ಹೋದಳು. ಒಂದು ಮಗುವೂ ಸಾಯಲಿಲ್ಲ. ಆಮೇಲೆ ಪೇಪರಿನಲ್ಲೆಲ್ಲ ಅವಳದೇ ಸುದ್ದಿ, ದೇಶದ ಮೂಲೆಮೂಲೆಯಿಂದ ಮದುವೆಯಾಗುತ್ತೇವೆಂದು ಕಾಗದಗಳು ಬಂದವಂತೆ.

"ಹಗ್ಗಾನೂ ತತ್ತಾ ಅಂತ ಬರೆದಿರ್ತಾರೆ, ಎಮ್ಮೆ ಕಟ್ಟಾಕೆ" ಎಂದಳು ಮುನಿರತ್ನಮ್ಮ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮೇಸ್ತ್ರಿ ನಗಲಿಲ್ಲ. ಪುಸ್ತಕದಲ್ಲಿ ಒಂದು ಚಿತ್ರವಿತ್ತು: ಮುಂದೆ ಟೀಚರ್, ಹಿಂದೆ ಹಗ್ಗ ಹಿಡಿದ ಮಕ್ಕಳ ಸಾಲು. ಅದನ್ನು ನೋಡುತ್ತಾ ನಿಂತಿದ್ದವರು ತಲೆಯೆತ್ತಿ ಗೋದಾಮನ್ನು ನೋಡಿದರು, ಮೇಜಿನಿಂದ ಹಿಂಬಾಗಿಲಿನವರೆಗೆ. ಹೆಬ್ಬೆರಳು ಪುಟವನ್ನು ಒತ್ತುತ್ತಿತ್ತು.

ಮಾರನೆಯ ದಿನ ಅವರು ಲಾರಿಯ ಟಾರ್ಪಾಲಿಗೆ ಕಟ್ಟುವಂಥ ನೀಲಿ ನೈಲಾನ್ ಹಗ್ಗ ತಂದರು. ಒಂದು ತುದಿ ಮೇಜಿನ ಕಾಲಿಗೆ, ಅಲ್ಲಿಂದ ಬೇಲುಗಳ ಓಣಿಯಲ್ಲಿ ಸೊಂಟದೆತ್ತರಕ್ಕೆ ತಂತಿಗಳಿಗೆ ಸಿಕ್ಕಿಸುತ್ತಾ, ಇನ್ನೊಂದು ತುದಿ ಪಾಯಿಖಾನೆ ಕಡೆಯ ಹಿಂಬಾಗಿಲಿನ ಚಿಲಕಕ್ಕೆ. ಓಣಿ ತಿರುಗುವ ಕಡೆಯಲ್ಲೆಲ್ಲ ಎರಡು ಗಂಟು. "ಕತ್ತಲೆ ಆಯ್ತು, ಹೊಗೆ ಬಂತು, ಏನೇ ಆಗ್ಲಿ, ಹಗ್ಗ ಹಿಡ್ಕೊಂಡು ಹೋಗ್ತಿರಿ. ಎರಡು ಗಂಟು ಸಿಕ್ಕಿದ್ರೆ ತಿರುಗಿ" ಎಂದರು. ಮುನಿರತ್ನಮ್ಮ, "ಹದಿನೈದು ವರ್ಷದಿಂದ ಓಡಾಡ್ತಾವ್ನಿ, ನಂಗೆ ದಾರಿ ಗೊತ್ತಿಲ್ವಾ?" ಎಂದು ಮುಖ ತಿರುಗಿಸಿದಳು. "ದಾರಿ ಗೊತ್ತು ಅನ್ನೋನೇ ಮೊದಲು ತಪ್ಪೋದು ಕಣಮ್ಮ" ಎಂದರು ಮೇಸ್ತ್ರಿ.

ಅದೊಂದು ಹಗ್ಗ ಅವರ ಪ್ರಾಣ ಹಿಂಡಿಬಿಟ್ಟಿತು. ಏಕೆಂದರೆ ಹೊಸ ಲೋಡು ಬಂದಾಗಲೆಲ್ಲ ಬೇಲುಗಳು ಜಾಗ ಬದಲಿಸುತ್ತಿದ್ದವು, ಓಣಿಗಳೂ ಬದಲಾಗುತ್ತಿದ್ದವು. ಹತ್ತು ಹದಿನೈದು ದಿನಕ್ಕೊಮ್ಮೆ ಮೇಸ್ತ್ರಿ ಹಗ್ಗ ಬಿಚ್ಚಿ ಮತ್ತೆ ಮೊದಲಿನಿಂದ ಕಟ್ಟುತ್ತಿದ್ದರು. ಮ್ಯಾನೇಜರ್ ನೋಡಿ, "ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ" ಎಂದು ನಕ್ಕು ಹೋದ. ಫೋರ್ಕ್‌ಲಿಫ್ಟ್ ಡ್ರೈವರ್ ದಿನಾ ಬೈಯುತ್ತಿದ್ದ. ನಾವು ಒಂಬತ್ತು ಮಂದಿ ಸುಮ್ಮನಿದ್ದೆವೇ? ಅದರ ಮೇಲೆ ಒದ್ದೆ ಟವೆಲು ಹರವಿದೆವು, ಛತ್ರಿ ನೇತುಹಾಕಿದೆವು, ಊಟದ ಚೀಲ ಸಿಕ್ಕಿಸಿದೆವು. ಮೇಸ್ತ್ರಿ ಅವನ್ನೆಲ್ಲ ತೆಗೆದು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಇದನ್ನು ಬರೆಯುವುದು ನನಗೆ ಸುಲಭವಲ್ಲ.

ಆ ವರ್ಷದ ಆಯುಧಪೂಜೆ. ಕಾರ್ಖಾನೆಗಳಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ತೂಕದ ಯಂತ್ರಕ್ಕೆ, ಕತ್ತರಿಸುವ ಯಂತ್ರಕ್ಕೆ, ಕೊನೆಗೆ ಪೊರಕೆಗೂ ಅರಿಶಿನ ಕುಂಕುಮ. ಬೇಲ್ ಒತ್ತುವ ಯಂತ್ರದ ಎರಡು ಬದಿಗೆ ಬಾಳೆಕಂಬ ಕಟ್ಟುವ ಕೆಲಸ ನನ್ನದು. ಹೂವಿನವಳು ಕೊಟ್ಟ ದಾರ ಕಂಬದ ಭಾರಕ್ಕೆ ಪಟಪಟನೆ ಹರಿಯಿತು. ಪೂಜೆಗೆ ಹೊತ್ತಾಗುತ್ತಿತ್ತು. ಕಣ್ಣೆದುರಿಗೇ, ನಾಲ್ಕು ಓಣಿ ಕೂಡುವ ತಿರುವಿನಲ್ಲಿ ನೀಲಿ ಹಗ್ಗ. ಯಾರೂ ನೋಡದಾಗ ಚಾಕುವಿನಿಂದ ಎರಡು ಮಾರು ಕತ್ತರಿಸಿದೆ, ಉಳಿದ ತುದಿಗಳನ್ನು ಬೇಲಿನ ತಂತಿಗೆ ಸುತ್ತಿದೆ. ನಾಳೆ ಹೇಗೂ ರಜೆ, ನಾಡಿದ್ದು ಬಂದು ಕಟ್ಟಿದರಾಯಿತು ಎಂದುಕೊಂಡೆ. ಆ ಹಗ್ಗದಲ್ಲಿ ಬಾಳೆಕಂಬಗಳು ಸೊಗಸಾಗಿ ನಿಂತವು.

ಮೇಸ್ತ್ರಿ ಬಂದು ನೋಡಿದರು. "ಹಗ್ಗ ಎಲ್ಲಿಂದ ತಂದೆ?" ಎಂದು ಕೇಳಿದರು.

"ಲಾರಿಯವ್ರು ಕೊಟ್ರು" ಎಂದೆ.

ಲಾರಿಯವರ ಹತ್ತಿರ ಅಂಥದ್ದೇ ಹಗ್ಗ ಇರುತ್ತಿತ್ತು. ಅವರು ನಂಬಿದರು. ಕಂಬವನ್ನು ಅಲ್ಲಾಡಿಸಿ, "ಬಿಗಿಯಾಗಿದೆ, ಚೆನ್ನಾಗಿ ಕಟ್ಟಿದ್ದೀಯ" ಎಂದರು. ನನ್ನ ಕೆಲಸವನ್ನು ಅವರು ಹೊಗಳಿದ್ದು ಅಪರೂಪ. ನಾನು ಹಲ್ಲು ಕಿರಿದೆ.

ಪೂಜೆ ಮುಗಿದು, ಮುಂಬಾಗಿಲಿನಲ್ಲಿ ಬೂದುಗುಂಬಳದ ಮೇಲೆ ಕರ್ಪೂರ ಹಚ್ಚಿ ನಿವಾಳಿಸಿ ಒಡೆದರು. ರದ್ದಿ ಕಾಗದದ ಗೋದಾಮಿನ ಬಾಗಿಲಲ್ಲಿ ಬೆಂಕಿಯಿಂದ ದೃಷ್ಟಿ ತೆಗೆಯುವುದು ನಮ್ಮಂಥವರಿಗೆ ಮಾತ್ರ ಹೊಳೆಯುವ ಬುದ್ಧಿ. ಗಂಡಸರು ಮಿಠಾಯಿ ಪೊಟ್ಟಣ ತೆಗೆದುಕೊಳ್ಳಲು ಆಫೀಸಿನ ಕಡೆ ಹೋದರು. ನಾವು ಒಂಬತ್ತು ಜನ ಮೇಜಿನ ಹತ್ತಿರ ಕಡ್ಲೆಪುರಿ ಹಂಚಿಕೊಳ್ಳುತ್ತಿದ್ದೆವು, ಮೇಸ್ತ್ರಿ ಎಂದಿನಂತೆ ನಿಂತಿದ್ದರು. ಉರಿಯುತ್ತಿದ್ದ ಒಂದು ಕರ್ಪೂರದ ಬಿಲ್ಲೆ ಉರುಳಿ ಬಾಗಿಲ ಬಳಿಯ ಬಿಡಿ ಕಾಗದದ ರಾಶಿಗೆ ಸೇರಿದ್ದನ್ನು ಯಾರೂ ನೋಡಲಿಲ್ಲ. ನಾವು ಕಂಡಾಗ ಮುಂಬಾಗಿಲೇ ಬೆಂಕಿಯಾಗಿತ್ತು. ಪ್ಲಾಸ್ಟಿಕ್ ರಾಶಿಗೂ ಹತ್ತಿಕೊಂಡಿತು. ದೀಪಗಳು ಆರಿದವು. ಕರಿ ಹೊಗೆ ಸೂರಿನಿಂದ ಕೆಳಗಿಳಿದು ಮಟಮಟ ಮಧ್ಯಾಹ್ನದಲ್ಲಿ ನನ್ನ ಕೈ ನನಗೇ ಕಾಣದ ಹಾಗಾಯಿತು. ಮೂರು ದಿನದ ಹಿಂದಷ್ಟೇ ಹೊಸ ಲೋಡು ಬಂದು ಓಣಿಗಳೆಲ್ಲ ಬದಲಾಗಿದ್ದವು. ಹದಿನೈದು ವರ್ಷ ಓಡಾಡಿದ ಮುನಿರತ್ನಮ್ಮನೇ, "ಎತ್ಲಾಗ್ರೇ ಬಾಗ್ಲು?" ಎಂದು ಕಿರುಚಿಕೊಂಡಳು.

"ಹಗ್ಗ! ಎಲ್ರೂ ಹಗ್ಗ ಹಿಡ್ಕೊಳ್ರಿ!" ಮೇಸ್ತ್ರಿಯ ದನಿ. "ಸೆರಗು ಮೂಗಿಗೆ ಇಟ್ಕೊಳ್ರಿ. ನಡೀರಿ. ನಾನು ಹಿಂದೆ ಇದ್ದೀನಿ."

ಹಗ್ಗ ಎರಡನೆಯ ತಿರುವಿನಲ್ಲಿ ಮುಗಿಯುತ್ತದೆ ಎಂಬುದು ಆ ಹೊಗೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ನಾನು ಹೇಳಬೇಕಿತ್ತು. ಬಾಯಿ ತೆರೆದೆ, ಹೊಗೆ ನುಗ್ಗಿ ಕೆಮ್ಮಿದೆ, ಆಮೇಲೆ ಹೇಳಲಿಲ್ಲ. ಕೆಮ್ಮು ಕಾರಣವಲ್ಲ. ಅಷ್ಟು ಹೊತ್ತಿನಲ್ಲೂ ನನಗೆ ಸುಳ್ಳು ಬಯಲಾಗುವ ನಾಚಿಕೆಯೇ ದೊಡ್ಡದಾಗಿತ್ತು.

ಮುಂದಿದ್ದ ಮುನಿರತ್ನಮ್ಮ ಕಿರುಚಿದಳು. "ಮೇಸ್ತ್ರಿ, ಹಗ್ಗ ಇಲ್ಲ! ಇಲ್ಲಿಂದಾಚೆ ಹಗ್ಗಾನೇ ಇಲ್ಲ!"

ಅವರು ನಮ್ಮನ್ನೆಲ್ಲ ದಾಟಿಕೊಂಡು ಮುಂದೆ ಹೋದರು. ತುಂಡಾದ ತುದಿಯನ್ನು ಎಡಗೈಯಲ್ಲಿ ಸುತ್ತಿ ಹಿಡಿದರು. "ನಾನು ಇಲ್ಲೇ ಹಿಡಿದಿರ್ತೀನಿ. ನನ್ನ ಕೈ ಹಿಡ್ಕೊಳ್ರಿ, ಒಬ್ಬರ ಕೈ ಒಬ್ರು ಬಿಡ್ಬೇಡಿ. ಮುನಿರತ್ನಮ್ಮ, ನೀನು ತುದೀಲಿರು, ಕೈಯಾಡಿಸ್ತಾ ಬಾ, ಆ ಕಡೆ ತುದಿ ಸಿಗೋವರೆಗೂ" ಎಂದರು. ನಾವು ಕೈಕೈ ಹಿಡಿದು ಗೇಟು ತಿರುಗಿದ ಹಾಗೆ ನಿಧಾನವಾಗಿ ಸುತ್ತಿದೆವು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಮುನಿರತ್ನಮ್ಮ, "ಸಿಕ್ತು!" ಎಂದು ಕೂಗಿದಳು. ಸರಪಳಿ ಬಿಡದೆ ಒಬ್ಬೊಬ್ಬರೇ ಆ ಕಡೆಯ ಹಗ್ಗಕ್ಕೆ ದಾಟಿದರು. ಅಷ್ಟೂ ಹೊತ್ತು ಮೇಸ್ತ್ರಿ ಕದಲಲಿಲ್ಲ. ಅವರ ಕೈ ಹಿಡಿದಿದ್ದವಳು ನಾನು, ಕಡೆಯವಳು. "ನೀನೂ ಹೋಗಮ್ಮ, ಬಂದೆ" ಎಂದು ಕೈ ಬಿಡಿಸಿಕೊಂಡರು. ನಾನು ಹೋದೆ.

ಒಂಬತ್ತು ಜನವೂ ಹಿಂಬಾಗಿಲಿನಿಂದ ಹೊರಗೆ ಬಿದ್ದೆವು. ಮೇಸ್ತ್ರಿ ಬರಲಿಲ್ಲ. ಪಕ್ಕದ ಶೆಡ್ಡಿನ ಇಬ್ಬರು ಒದ್ದೆ ಗೋಣಿಚೀಲ ಹೊದ್ದು ಒಳಗೆ ಹೋಗಿ ಅವರನ್ನು ಎಳೆದು ತಂದರು. ಮಧ್ಯದ ಆ ಎರಡು ಮಾರಿನಲ್ಲಿ ಅವರಿಗೆ ದಾರಿ ತಪ್ಪಿತ್ತು. ನಾನು ಕತ್ತರಿಸಿದ ಜಾಗದಲ್ಲಿ.

ಅವರು ಉಳಿದರು. ಆದರೆ ಆ ಹೊಗೆ ಅವರ ಎದೆಯೊಳಗೆ ಉಳಿಯಿತು. ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕೆಲಸ ಬಿಡಬೇಕಾಯಿತು. ಗೋದಾಮು ಸುಟ್ಟುಹೋಗಿ ಕಾರ್ಖಾನೆಯವರು ಹೊಸ ಶೆಡ್ಡು ಕಟ್ಟಿದರು, ಮೇಸ್ತ್ರಿಯ ಕೆಲಸ ನನ್ನ ತಲೆಗೆ ಬಂತು. ಆ ಕೆಲಸ ಬೇಡ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಯಾಕೆ ಬೇಡ ಎಂದು ಕೇಳಿದರೆ ಹೇಳಬೇಕಾಗುತ್ತಿತ್ತಲ್ಲ, ಒಪ್ಪಿಕೊಂಡೆ.

ಒಂದೆರಡು ತಿಂಗಳಿಗೊಮ್ಮೆ ಕುಂದಾಣಕ್ಕೆ ಹೋಗುತ್ತಿದ್ದೆ. ಜಗಲಿಯ ಮೇಲೆ ಕುರ್ಚಿ ಹಾಕಿ ಅವರನ್ನು ಕೂರಿಸಿರುತ್ತಿದ್ದರು. ಕಾಲು ಮಾತ್ರ ಕುಣಿಯುತ್ತಿತ್ತು, ಬೆರಳು ಕುರ್ಚಿಯ ಕೈಯನ್ನು ಒತ್ತುತ್ತಿತ್ತು. ಮೊದಲ ಸಲ ನನ್ನನ್ನು ನೋಡಿ ನಕ್ಕು, "ಕೂರಿಸ್ಬಿಟ್ರು ಕಣಮ್ಮ ನನ್ನ" ಎಂದರು. ಆ ಮಾತು ಕೇಳಿ ನನಗೆ ಅಲ್ಲಿ ಕೂರಲಾಗಲಿಲ್ಲ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆಂದು ಬಸ್ಸು ಹತ್ತುತ್ತಿದ್ದೆ, ದೇವನಹಳ್ಳಿ ದಾಟುವವರೆಗೆ ಧೈರ್ಯವಿರುತ್ತಿತ್ತು, ಕುಂದಾಣದಲ್ಲಿ ಇಳಿಯುವಾಗ ಇರುತ್ತಿರಲಿಲ್ಲ. ಹಣ್ಣು ಕೊಟ್ಟು, ಶೆಡ್ಡಿನ ಸುದ್ದಿ ಹೇಳಿ ಬರುತ್ತಿದ್ದೆ. ಹೀಗೆ ಎರಡು ವರ್ಷ ಕಳೆದವು. ಮನೆಯಲ್ಲೂ ನನಗೆ ನೆಲೆ ನಿಲ್ಲುತ್ತಿರಲಿಲ್ಲ. "ಮೈಮೇಲೆ ಇರುವೆ ಹರಿದಂಗೆ ಆಡ್ತೀಯಲ್ಲ" ಎಂದು ಅತ್ತೆ ಗದರುತ್ತಿದ್ದರು.

ಬರಿಗೈಲಿ ಹೋಗಲಾರದೆ, ಅವರಿಗೆ ಖುಷಿಯಾಗಲೆಂದು, ಒಮ್ಮೆ ಮೊಬೈಲಿನಲ್ಲಿ ಆ ನೆಬ್ರಾಸ್ಕಾ ಟೀಚರ್ ಬಗ್ಗೆ ಹುಡುಕಿದೆ. ಓದಿದಾಗ ನನಗೇ ದಿಗಿಲಾಯಿತು. ಹಿಮ ನಿಜ, ಹಾರಿದ ಸೂರು ನಿಜ, ಮಕ್ಕಳೆಲ್ಲ ಬದುಕಿದ್ದೂ ನಿಜ. ಆದರೆ ಹಗ್ಗ ಇತ್ತೆಂಬುದನ್ನು ಎಲ್ಲರೂ ಒಪ್ಪುವುದಿಲ್ಲವಂತೆ. ಹೇಳಲೋ ಬೇಡವೋ ಎಂದುಕೊಳ್ಳುತ್ತಲೇ ಹೋಗಿ ಹೇಳಿಬಿಟ್ಟೆ.

"ಮೇಸ್ತ್ರಿ, ಆ ಟೀಚರ್ ಹತ್ರ ಹಗ್ಗಾನೇ ಇರ್ಲಿಲ್ಲ ಅಂತಾರೆ ಕೆಲವ್ರು. ಪೇಪರ್‌ನವ್ರು ಆಮೇಲೆ ಸೇರಿಸಿದ್ದಿರಬಹುದಂತೆ."

"ಪುಸ್ತಕದಲ್ಲಿ ಚಿತ್ರ ಇತ್ತಲ್ಲ?"

"ಚಿತ್ರ ಬರೆದೋರು ಅಲ್ಲಿರ್ಲಿಲ್ವಲ್ಲ ಮೇಸ್ತ್ರಿ."

"ಮತ್ತೆ ಮಕ್ಕಳು ಹೆಂಗೆ ಬಂದ್ರು?" ಎಂದರು.

"ಒಬ್ಬರ್ನೊಬ್ರು ಹಿಡ್ಕೊಂಡು ಬಂದಿರ್ತಾರೆ."

"ನಮ್ಮ ಥರಾನೇ ಅನ್ನು." ಅವರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ನನ್ನ ಕಡೆ ನೋಡದೆ ಹೇಳಿದರು: "ನಮ್ಮ ಹಗ್ಗ ಇಲಿ ಕಡಿದಿತ್ತು ಅಂತ ಕಾಣುತ್ತೆ ಕಣಮ್ಮ. ದಿನಾ ಬೆಳಿಗ್ಗೆ ತುದಿಯಿಂದ ತುದೀಗೆ ಕೈಯಾಡಿಸಿ ನೋಡ್ತಿದ್ದೆ. ಆವತ್ತು ಹಬ್ಬದ ಗಡಿಬಿಡೀಲಿ ನೋಡ್ಲಿಲ್ಲ. ಒಂಬತ್ತು ಹೆಣ್ಣುಮಕ್ಕಳನ್ನ ನಾನೇ ಸಾಯಿಸ್ತಿದ್ದೆ. ರಾತ್ರಿ ನಿದ್ದೆ ಬರಲ್ಲ ನಂಗೆ."

ಎರಡು ವರ್ಷದಿಂದ ನನ್ನ ತಪ್ಪನ್ನು ಅವರು ಹೊತ್ತುಕೊಂಡು ಕೂತಿದ್ದರು. ಇದು ನನಗೆ ತೋಚಿರಲೇ ಇಲ್ಲ. ನನ್ನ ನಾಚಿಕೆಯ ಲೆಕ್ಕದಲ್ಲಿ ಮುಳುಗಿ, ಅವರು ಏನೆಂದುಕೊಂಡಿದ್ದಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಇಲಿ ಅಲ್ಲ ಮೇಸ್ತ್ರಿ. ನಾನು" ಎಂದೆ. "ಬಾಳೆಕಂಬಕ್ಕೆ ಕತ್ತರಿಸಿದೆ. ಲಾರಿಯವ್ರು ಕೊಟ್ರು ಅಂದಿದ್ದು ಸುಳ್ಳು."

ಕುರ್ಚಿಯ ಕೈಯನ್ನು ಒತ್ತುತ್ತಿದ್ದ ಹೆಬ್ಬೆರಳು ನಿಂತಿತು. ಕುಣಿಯುತ್ತಿದ್ದ ಕಾಲೂ ನಿಂತಿತು. ಅವರನ್ನು ಅಷ್ಟು ನಿಶ್ಚಲವಾಗಿ ನಾನು ಎಂದೂ ಕಂಡಿರಲಿಲ್ಲ. ಅವರು ಬೈದಿದ್ದರೆ, ಹೊಡೆದಿದ್ದರೆ ವಾಸಿ ಅನ್ನಿಸಿತು.

"ಕತ್ತರಿಸಿದ್ದು ಹೋಗ್ಲಿ. ಹಬ್ಬ, ಬಾಳೆಕಂಬ, ಸರಿ. ಕೇಳ್ದಾಗ ಹೇಳಿದ್ದಿದ್ರೆ ಎರಡು ನಿಮಿಷದ ಕೆಲಸ ಕಣಮ್ಮ. ಇನ್ನೊಂದು ತುಂಡು ಕಟ್ತಿದ್ದೆ."

ಅವರ ಹೆಂಡತಿ ಕಾಫಿ ತಂದರು. ಮೇಸ್ತ್ರಿ ರಸ್ತೆಯ ಕಡೆ ಮುಖ ಮಾಡಿಕೊಂಡು ಕುಡಿದರು. ನಾನು ಕಣ್ಣೊರೆಸಿಕೊಂಡು ಎದ್ದೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದರು.

"ಹೊಸ ಶೆಡ್ಡಲ್ಲಿ ಹಗ್ಗ ಐತಾ?"

"ಇಲ್ಲ ಮೇಸ್ತ್ರಿ."

"ಇಲ್ವಾ?" ಕುರ್ಚಿಯ ಕೈ ಹಿಡಿದು ಏಳಲು ನೋಡಿದರು, ಉಸಿರು ಸಾಲದೆ ಮತ್ತೆ ಕೂತರು. "ಸೋಮವಾರ ಕಟ್ಟು. ಕಟ್ಟಿ ಫೋನ್ ಮಾಡು ನಂಗೆ."

ಸೋಮವಾರ ಕಟ್ಟಿದೆ, ಫೋನ್ ಮಾಡಿದೆ. "ತಿರುವಲ್ಲಿ ಎರಡು ಗಂಟು ಹಾಕಿದ್ಯಾ? ಕಣ್ಣು ಮುಚ್ಕೊಂಡು ಒಂದ್ಸಲ ನಡೆದು ನೋಡಿದ್ಯಾ?" ಎಂದು ಕೇಳಿದರು. ಅಲ್ಲಿಂದ ಪ್ರತಿ ಲೋಡು ಬಂದಾಗಲೂ ಹಗ್ಗ ಬಿಚ್ಚಿ ಕಟ್ಟಿ ಫೋನ್ ಮಾಡುತ್ತಿದ್ದೆ, ಅವೇ ಎರಡು ಪ್ರಶ್ನೆ. ಬೇರೆ ಮಾತಿಲ್ಲ. ಕ್ಷಮಿಸಿದ್ದೇನೆ ಎಂದು ಅವರು ಒಂದು ದಿನವೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ. ನಿದ್ದೆ ಬರುತ್ತಿದೆಯೇ ಎಂದು ಮಾತ್ರ ಒಮ್ಮೆ ಕೇಳಿದೆ. "ಈಗ ಬರುತ್ತೆ" ಎಂದರು.

ಒಂದು ಸಲ ಫೋನ್ ಎತ್ತಿದ್ದು ಅವರ ಹೆಂಡತಿ. ಹಿಂದಿನ ದಿನವೇ ಎಲ್ಲ ಮುಗಿದಿತ್ತು. "ಯಾರ್ಯಾರಿಗೆ ಹೇಳ್ಬೇಕೋ ತೋಚ್ಲಿಲ್ಲ ತಾಯಿ" ಎಂದು ಅತ್ತರು. ಮೂರನೆಯ ದಿನದ ಹಾಲುತುಪ್ಪಕ್ಕೆ ಹೋದೆ. ವಾಪಸ್ಸು ಹೊರಟಾಗ ಆಕೆ ಅರ್ಧ ರಟ್ಟಿನ ಆ ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿದರು. ಬಸ್ಸಿನಲ್ಲಿ ಸೀಟಿತ್ತು, ನಾನು ನಿಂತೇ ಬಂದೆ. ಟೀಚರ್ ಚಿತ್ರದ ಪುಟದ ಅಂಚಿನಲ್ಲಿ ಹೆಬ್ಬೆರಳಿನ ಚಪ್ಪಟೆ ಕಲೆಯೊಂದು ಹಾಗೇ ಇತ್ತು.

ಪುಸ್ತಕ ಈಗ ಶೆಡ್ಡಿನ ನನ್ನ ಬೀರುವಿನಲ್ಲಿದೆ. ಮೇಜಿನ ಸುತ್ತ ಬಹುತೇಕ ಹೊಸಬರು. ಮುನಿರತ್ನಮ್ಮ ಮಂಡಿನೋವೆಂದು ಮನೆ ಸೇರಿದಳು. ಹೋಗುವ ಮುಂಚೆ ಅವಳಿಗೂ, ಉಳಿದವರಿಗೂ ಹಗ್ಗದ ವಿಷಯ ಹೇಳಿದೆ. ಒಂದು ವಾರ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಅದು ನ್ಯಾಯವೇ. ಹೊಸಬರು ಹಗ್ಗದ ಮೇಲೆ ಟವೆಲು ಹರವುತ್ತಾರೆ, ನಾನು ತೆಗೆದು ಮೇಜಿನ ಮೇಲಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ದಿನ ಪ್ರತಿಯೊಬ್ಬರಿಗೂ ನಾನು ಹೇಳುವುದು ಒಂದೇ ಮಾತು: "ಬೇಕಾದ್ರೆ ಬಿಚ್ಚು, ಬೇಕಾದ್ರೆ ಕತ್ತರಿಸು. ಮಾಡಿದ್ಮೇಲೆ ಬಂದು ಹೇಳು."

ಈ ಸಲದ ಆಯುಧಪೂಜೆಯ ಬೆಳಿಗ್ಗೆ, ಹೊಸದಾಗಿ ಸೇರಿದವಳೊಬ್ಬಳು ಕೈಯಲ್ಲಿ ಚಾಕು ಹಿಡಿದು, ಅರಿಶಿನ ಹಚ್ಚಿದ ಮುಖ ಸಪ್ಪಗೆ ಮಾಡಿಕೊಂಡು ಬಂದಳು. "ಅಕ್ಕಾ, ಬೈಬೇಡ. ಮಾವಿನ ತೋರಣ ಕಟ್ಟೋಕೆ ಆ ತಿರುವಿನ ಹತ್ರ ಹಗ್ಗ ಕತ್ತರಿಸ್ಬಿಟ್ಟೆ" ಎಂದಳು.

ಬೀರುವಿನಿಂದ ಇನ್ನೊಂದು ತುಂಡು ತೆಗೆದುಕೊಂಡು ಹೋಗಿ ಕಟ್ಟಿದೆ, ತಿರುವಿನಲ್ಲಿ ಎರಡು ಗಂಟು ಹಾಕಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.